ಕೆಚ್ಚಲು ಬಾವಿನ ಹಾಲು: ಸ್ಲೈಡಿನಲ್ಲಿ ಎರಡು ಬಣ್ಣ, ಕೊಆಗ್ಯುಲೇಸ್ ನೆಗೆಟಿವ್. ಏನಂತ ಬರೆಯಲಿ?

ಹೇಮಾವತಿ_ತೀರ (ಹಾಸನ):
ನಮಸ್ಕಾರ. ಪಶು ಲ್ಯಾಬ್ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಚನ್ನರಾಯಪಟ್ಟಣ ಕಡೆಯ ಒಂದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುವಿನ ಹಾಲು ಬಂದಿದೆ. ಬ್ಲಡ್ ಅಗಾರ್ (ರಕ್ತ ಬೆರೆಸಿದ, ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟು) ಮೇಲೆ ತಿಳಿ ಹಳದಿ ಕಾಲೊನಿ, ಸುತ್ತ ರಕ್ತ ಕರಗಿದ ಉಂಗುರ. ಕೆಚ್ಚಲು ಬಾವು ತರುವ ಸ್ಟೆಫೈಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಅಂತಲೇ ಅನಿಸಿತು. ಆದರೆ ಗ್ರಾಂ ಸ್ಟೇನ್‌ನಲ್ಲಿ (ಬಣ್ಣ ಹಾಕಿ ಬ್ಯಾಕ್ಟೀರಿಯಾ ಗುಂಪು ನೋಡುವುದು: ಪಾಸಿಟಿವ್ ನೇರಳೆ, ನೆಗೆಟಿವ್ ಗುಲಾಬಿ; ಸ್ಟೆಫ್ ನೇರಳೆ ಬರಬೇಕು) ಅರ್ಧ ನೇರಳೆ, ಅರ್ಧ ಗುಲಾಬಿ. ಟ್ಯೂಬ್ ಕೊಆಗ್ಯುಲೇಸ್ (ಬ್ಯಾಕ್ಟೀರಿಯಾ ರಕ್ತದ ಪ್ಲಾಸ್ಮಾವನ್ನು ಗಟ್ಟಿ ಮಾಡುತ್ತದೆಯೇ ಎಂಬ ಪರೀಕ್ಷೆ; ಆರಿಯಸ್ ಆದರೆ ಪಾಸಿಟಿವ್ ಬರಬೇಕು) ಸಂಜೆ ಇಟ್ಟು ಬೆಳಿಗ್ಗೆ ನೋಡಿದೆ, ನೆಗೆಟಿವ್. ಹಸುವಿನವರು ದಿನಾ ಫೋನ್ ಮಾಡುತ್ತಿದ್ದಾರೆ.

ಗಿರಿ_ಮಂಜು (ಚಿಕ್ಕಮಗಳೂರು):
ಪ್ಲೇಟು ಎಷ್ಟು ದಿನದ್ದು? ಸ್ಲೈಡಿನ ಬಣ್ಣ ತೊಳೆಯುವ ಆಲ್ಕೋಹಾಲ್ ಎಷ್ಟು ಹೊತ್ತು ಬಿಟ್ಟಿರಿ?

ಹೇಮಾವತಿ_ತೀರ:
ನಡುವೆ ರಜೆ ಬಂತು ಸರ್, ಮೂರು ದಿನದ್ದು. ಆಲ್ಕೋಹಾಲ್ ಅರ್ಧ ನಿಮಿಷ.

ಗಿರಿ_ಮಂಜು:
ಎರಡು ಬಣ್ಣ ಬರಲು ಎರಡೂ ಕಾರಣ ಅಲ್ಲೇ ಇವೆ. ಹಳೆಯ ಕಾಲೊನಿಯಲ್ಲಿ ಜೀವಕೋಶದ ಗೋಡೆ ಸಡಿಲವಾಗಿರುತ್ತದೆ, ನೇರಳೆ ಬಣ್ಣ ಹಿಡಿದಿಡುವುದಿಲ್ಲ. ಪ್ಲೇಟಿನಲ್ಲಿ 18ರಿಂದ 24 ಗಂಟೆ ಬೆಳೆದ ಹೊಸ ಕಾಲೊನಿ ತಗೊಳ್ಳಿ, ತೆಳ್ಳಗೆ ಹಚ್ಚಿ. ಆಲ್ಕೋಹಾಲ್‌ಗೆ ಗಡಿಯಾರ ನೋಡಬೇಡಿ, ಹನಿ ನೋಡಿ. ಬಣ್ಣವಿಲ್ಲದ ಹನಿ ಇಳಿದ ಕೂಡಲೇ ತೊಳೆದುಬಿಡಿ. ಅದೇ ಸ್ಲೈಡಿನ ಒಂದು ತುದಿಗೆ ಗೊತ್ತಿರುವ ಸ್ಟೆಫ್, ಇನ್ನೊಂದಕ್ಕೆ ಗ್ರಾಂ ನೆಗೆಟಿವ್ ಆದ ಇ. ಕೊಲೈ ಹಚ್ಚಿ. ಅವೆರಡು ಸರಿ ಬಾರದಿದ್ದರೆ ನಿಮ್ಮ ಸ್ಯಾಂಪಲ್‌ನ ಬಣ್ಣವನ್ನೂ ನಂಬಬೇಡಿ.

ಇನ್ನೂ ಅನುಮಾನವಾ? 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿಯಲ್ಲಿ ಕಾಲೊನಿ ಕಲಸಿ, ಲೂಪ್ (ತುದಿಗೆ ಬಳೆಯಿರುವ ತಂತಿ) ಮೇಲೆತ್ತಿ. ಗ್ರಾಂ ನೆಗೆಟಿವ್ ಆದರೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ಸ್ಟೆಫ್‌ಗೆ ಬರುವುದಿಲ್ಲ.

ಕೊಆಗ್ಯುಲೇಸ್ ವಿಷಯ ಇದಕ್ಕಿಂತ ಮುಖ್ಯ. ಆರಿಯಸ್‌ನ ಕೆಲವು ತಳಿಗಳು ಪ್ಲಾಸ್ಮಾ ಗಟ್ಟಿ ಮಾಡಿ, ಆಮೇಲೆ ಸ್ಟೆಫೈಲೋಕೈನೇಸ್ ಎಂಬ ತಮ್ಮದೇ ಕಿಣ್ವದಿಂದ ತಾವೇ ಕರಗಿಸುತ್ತವೆ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಮಾತ್ರ ನೋಡಿದರೆ ಗಟ್ಟಿಯಾಗಿದ್ದೇ ಗೊತ್ತಾಗಲ್ಲ. ಟ್ಯೂಬನ್ನು ಬೆಳಿಗ್ಗೆ 37 ಡಿಗ್ರಿಯಲ್ಲಿಡಿ, ನಾಲ್ಕು ತಾಸು ಗಂಟೆಗೊಮ್ಮೆ ನೋಡಿ. ಅಲುಗಾಡಿಸಬೇಡಿ, ಸುಮ್ನೆ ಓರೆ ಮಾಡಿ. ಆಗಲೂ ನೆಗೆಟಿವ್ ಆದರೆ ರಾತ್ರಿ ಬಿಡಿ, ನಿಧಾನದ ತಳಿಗಳೂ ಇವೆ.

ತಪ್ಪಾಗಿ ನೆಗೆಟಿವ್ ಬರೆದರೆ ಪೆಟ್ಟು ಬೀಳುವುದು ಆ ಕೊಟ್ಟಿಗೆಗೆ. ಆರಿಯಸ್ ಹಾಲು ಕರೆಯುವ ಕೈಯಿಂದಲೇ ಪಕ್ಕದ ಹಸುವಿಗೆ ದಾಟುತ್ತದೆ. ರಿಪೋರ್ಟ್ ಬರುವವರೆಗೆ ಆ ಹಸುವನ್ನು ಕೊನೆಯಲ್ಲಿ ಕರೆಯಲು ಇವತ್ತೇ ಹೇಳಿಬಿಡಿ.

ಹೇಮಾವತಿ_ತೀರ (ಎರಡು ದಿನದ ನಂತರ):
ಹೊಸ ಕಾಲೊನಿಯಲ್ಲಿ ಪೂರ್ತಿ ನೇರಳೆ ಗೊಂಚಲು. ಮೂರನೇ ಗಂಟೆಗೆ ಟ್ಯೂಬ್ ಓರೆ ಮಾಡಿದರೆ ಗಟ್ಟಿ ಮೊಸರಿನ ಹಾಗೆ ನಿಂತಿತ್ತು. ಬೇಕೆಂದೇ ರಾತ್ರಿ ಬಿಟ್ಟೆ. ಬೆಳಿಗ್ಗೆ ಮತ್ತೆ ನೀರು! ರಿಪೋರ್ಟ್‌ನಲ್ಲಿ ಆರಿಯಸ್ ಅಂತ ಬರೆಯಲಾ?

ಗಿರಿ_ಮಂಜು:
ಇಷ್ಟರಿಂದಲೇ ಬೇಡ. ಪ್ರಾಣಿಗಳಲ್ಲಿ ಸ್ಟೆಫೈಲೋಕಾಕಸ್ ಹೈಕಸ್‌ನಂಥ ಬೇರೆ ಸ್ಟೆಫ್ ಕೂಡ ಕೊಆಗ್ಯುಲೇಸ್ ಪಾಸಿಟಿವ್ ಕೊಡಬಹುದು. ಈಗ ‘ಕೊಆಗ್ಯುಲೇಸ್ ಪಾಸಿಟಿವ್ ಸ್ಟೆಫೈಲೋಕಾಕಸ್’ ಅಂತ ಬರೆಯಿರಿ. ಟ್ಯೂಬ್ ಎಷ್ಟನೇ ಗಂಟೆಗೆ ನೋಡಿದಿರಿ ಅಂತಲೂ ಸೇರಿಸಿ.