ಆಗ್ನೇಯ ಯುರೋಪಿನಲ್ಲಿ ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವದ ಸ್ನಾತಕೋತ್ತರ ಅಧ್ಯಯನ: ಸಾರಾಯೆವೊಗೆ ಹೋಗಬೇಕೇ?

ಪ್ರಶ್ನೆ

ಕಾನೂನು ಪದವಿ ಮುಗಿಸಿ ಕೆಲಕಾಲ ವಕೀಲಿಕೆ ಮಾಡಿರುವ ನಾನು ಈಗ ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವವನ್ನು ಕುರಿತ ಸ್ನಾತಕೋತ್ತರ ಅಧ್ಯಯನಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದೇನೆ. ಬೋಸ್ನಿಯಾದ ರಾಜಧಾನಿ ಸಾರಾಯೆವೊ ಮತ್ತು ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯಗಳು ಕೂಡಿ ನಡೆಸುವ, ಆಗ್ನೇಯ ಯುರೋಪನ್ನೇ ಕೇಂದ್ರವಾಗಿಟ್ಟುಕೊಂಡ ಕಾರ್ಯಕ್ರಮ ನನ್ನ ಗಮನ ಸೆಳೆದಿದೆ. ಆದರೆ ಯುದ್ಧ ಮುಗಿದು ಸುಮಾರು ಮೂರು ದಶಕಗಳಾದ ಒಂದು ಸಣ್ಣ ಪ್ರದೇಶವನ್ನು ಓದುವುದಕ್ಕಿಂತ ಲಂಡನ್ನಿನಲ್ಲೋ ಜಿನೀವಾದಲ್ಲೋ ಅಂತಾರಾಷ್ಟ್ರೀಯ ಕಾನೂನನ್ನು ಓದುವುದೇ ಮೇಲೆಂದು ಪರಿಚಿತರು ಹೇಳುತ್ತಾರೆ. ಅಲ್ಲಿಗೇ ಹೋಗಿ ಕಲಿಯುವಂಥದ್ದು ನಿಜವಾಗಿ ಏನಿದೆ, ಮತ್ತು ಸ್ಥಳೀಯ ಭಾಷೆ ಬಾರದೆ ಪ್ರಬಂಧ ಬರೆಯಲು ಸಾಧ್ಯವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ನಿಮ್ಮ ಪರಿಚಿತರ ಮಾತು ಅರ್ಧ ಸರಿ. ಒಪ್ಪಂದಗಳ ಕಾನೂನು, ವಿಶ್ವಸಂಸ್ಥೆಯ ಸಮಿತಿಗಳ ಕಾರ್ಯವಿಧಾನ ಮುಂತಾದವನ್ನು ಎಲ್ಲಿ ಕುಳಿತಾದರೂ ಓದಬಹುದು. ಸಮುದಾಯಗಳ ನಡುವೆ ಅಧಿಕಾರವನ್ನು ಹಂಚಿಕೊಡುವ ಏರ್ಪಾಡು ವ್ಯಕ್ತಿಯ ಸಮಾನತೆಗೆ ಯಾವ ಹಂತದಲ್ಲಿ ಅಡ್ಡಬರುತ್ತದೆ ಎಂಬ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಮಾತ್ರ ಸಾರಾಯೆವೊಗೆ ಹೋಗುವುದು ಸಾರ್ಥಕ, ಏಕೆಂದರೆ ಬೋಸ್ನಿಯಾ ಮತ್ತು ಹೆರ್ಜೆಗೊವಿನಾದಲ್ಲಿ ಆ ತಿಕ್ಕಾಟ ಸಂವಿಧಾನದ ಒಳಗೇ ಇದೆ.

1995ರ ಡಿಸೆಂಬರ್ 14ರಂದು ಪ್ಯಾರಿಸ್ಸಿನಲ್ಲಿ ಸಹಿಯಾದ, ಬೋಸ್ನಿಯಾ ಯುದ್ಧವನ್ನು ಮುಗಿಸಿದ ಡೇಟನ್ ಶಾಂತಿ ಒಪ್ಪಂದದ 4ನೇ ಅನುಬಂಧವೇ ಆ ದೇಶದ ಸಂವಿಧಾನ. ಬೋಸ್ನಿಯಾಕರು (ಬಹುತೇಕ ಮುಸ್ಲಿಮರಾದ ಸಮುದಾಯ), ಕ್ರೊಯೇಟರು ಮತ್ತು ಸರ್ಬರು ಅದರ ಪ್ರಕಾರ ರಾಷ್ಟ್ರವನ್ನು ಕಟ್ಟಿದ ಜನಾಂಗಗಳು, ಮಿಕ್ಕವರೆಲ್ಲ ‘ಇತರರು’. ಅಧ್ಯಕ್ಷ ಮಂಡಳಿಯ 3 ಸ್ಥಾನಗಳೂ ಸಂಸತ್ತಿನ ಜನಾಂಗಗಳ ಸದನದ 15 ಸ್ಥಾನಗಳೂ ಈ ಮೂವರಿಗೇ ಮೀಸಲು. ಅದೇ ಸಂವಿಧಾನದ 2ನೇ ವಿಧಿಯಾದರೋ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆ ದೇಶದಲ್ಲಿ ನೇರವಾಗಿ ಅನ್ವಯಿಸತಕ್ಕದ್ದೆಂದೂ ಬೇರೆಲ್ಲ ಕಾನೂನಿಗಿಂತ ಅದಕ್ಕೆ ಆದ್ಯತೆಯೆಂದೂ ಸಾರುತ್ತದೆ. ಯಹೂದಿ ಸಮುದಾಯದ ಯಾಕೊಬ್ ಫಿಂಚಿ ಅವರು ತಾವು ಅಧ್ಯಕ್ಷ ಮಂಡಳಿಗೆ ಸ್ಪರ್ಧಿಸಬಹುದೇ ಎಂದು ವಿಚಾರಿಸಿದಾಗ, ಯಹೂದಿ ಮೂಲದವರಾದ್ದರಿಂದ ಅರ್ಹರಲ್ಲವೆಂದು 2007ರ ಜನವರಿಯಲ್ಲಿ ಕೇಂದ್ರ ಚುನಾವಣಾ ಆಯೋಗ ಲಿಖಿತವಾಗಿಯೇ ತಿಳಿಸಿತು. ಅವರೂ ರೋಮಾ ಸಮುದಾಯದ ದೆರ್ವೊ ಸೇಯ್ದಿಚ್ ಅವರೂ ಸ್ಟ್ರಾಸ್‌ಬರ್ಗ್‌ನ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 2009ರ ಡಿಸೆಂಬರ್ 22ರಂದು ಗೆದ್ದರೂ, ಸಂವಿಧಾನ ಮಾತ್ರ ಆ ತೀರ್ಪಿಗೆ ತಕ್ಕಂತೆ ಬದಲಾಗಿಲ್ಲ.

ಬಹುಮತದ ತೀರ್ಪಿನಷ್ಟೇ ಗಮನವಿಟ್ಟು ನ್ಯಾಯಮೂರ್ತಿ ಬೊನೆಲ್ಲೊ ಅವರ ಭಿನ್ನಮತವನ್ನೂ ಓದಿ. ರಕ್ತಪಾತವನ್ನು ನಿಲ್ಲಿಸಿದ ಸಮತೋಲನವನ್ನು ಕದಲಿಸುವುದು ನ್ಯಾಯಾಲಯದ ಕೆಲಸವೇ ಎಂಬ ಅವರ ತಕರಾರನ್ನು ನಾನು ಒಪ್ಪುವುದಿಲ್ಲ. ಆದರೂ ಅದನ್ನು ಸುಲಭವಾಗಿ ತಳ್ಳಿಹಾಕುವ ವಿದ್ಯಾರ್ಥಿ ಈ ವಿಷಯವನ್ನು ಇನ್ನೂ ಸರಿಯಾಗಿ ಹೊಕ್ಕಿಲ್ಲವೆಂದೇ ನನ್ನ ಎಣಿಕೆ. ಕೊವಾಚೆವಿಚ್ ಪ್ರಕರಣವನ್ನೂ ಜೊತೆಗೆ ಇಟ್ಟುಕೊಳ್ಳಿ. ತನ್ನ ವಾಸಸ್ಥಳ ಮತ್ತು ಜನಾಂಗದ ಕಟ್ಟಳೆಗಳಿಂದಾಗಿ ಇಷ್ಟಬಂದ ಅಭ್ಯರ್ಥಿಗೆ ಮತ ಹಾಕಲಾಗುತ್ತಿಲ್ಲವೆಂದ ಮತದಾರನ ವಾದವನ್ನು 2023ರಲ್ಲಿ ಅದೇ ನ್ಯಾಯಾಲಯದ ಒಂದು ಪೀಠ ಎತ್ತಿಹಿಡಿಯಿತು. 2025ರ ಜೂನ್‌ನಲ್ಲಿ ಮಹಾಪೀಠವು ಆ ಅರ್ಜಿ ವಿಚಾರಣೆಗೇ ಯೋಗ್ಯವಲ್ಲವೆಂದಿತು.

ಎರಡನೆಯ ಉತ್ತರ

ಮೇಲಿನ ಉತ್ತರ ಉಪಯುಕ್ತವಾಗಿದೆ, ಆದರೆ ಇಡೀ ಪ್ರದೇಶವನ್ನು ಬೋಸ್ನಿಯಾಕ್ಕೂ ಬೋಸ್ನಿಯಾವನ್ನು ಸ್ಟ್ರಾಸ್‌ಬರ್ಗ್‌ನ ತೀರ್ಪುಗಳಿಗೂ ಇಳಿಸಿಬಿಡುತ್ತದೆ. ಕೊಸೊವೊದ 120 ಸ್ಥಾನಗಳ ಶಾಸನಸಭೆಯಲ್ಲಿ 20 ಸ್ಥಾನಗಳು ಅಲ್ಪಸಂಖ್ಯಾತ ಸಮುದಾಯಗಳಿಗೆ ಮೀಸಲಾಗಿವೆ, ಅವುಗಳಲ್ಲಿ 10 ಸರ್ಬರದು. ಉತ್ತರ ಮ್ಯಾಸಿಡೋನಿಯಾದಲ್ಲಿ 2001ರ ಓಹ್ರಿದ್ ಒಪ್ಪಂದದ ಬಳಿಕ, ಭಾಷೆ, ಸಂಸ್ಕೃತಿಗಳಂಥ ವಿಷಯಗಳ ಮಸೂದೆಗೆ ಒಟ್ಟು ಬಹುಮತ ಸಾಲದು, ಅಲ್ಪಸಂಖ್ಯಾತ ಸಮುದಾಯಗಳ ಶಾಸಕರಲ್ಲಿಯೂ ಬಹುಮತ ಬೇಕು. ಅಲ್ಲಿ ಸ್ಥಾನಗಳನ್ನು ಹುಟ್ಟಿನ ಮೇಲೆ ಕಟ್ಟಿಹಾಕದೆ ನಿರ್ಧಾರದ ವಿಧಾನವನ್ನು ಬದಲಿಸಿದರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಇನ್ನು ಶಾಂತವೆನಿಸಿಕೊಂಡ ಸ್ಲೊವೇನಿಯಾವನ್ನೇ ನೋಡಿ. ಹಳೆಯ ಯುಗೊಸ್ಲಾವಿಯಾದ ಇತರ ಗಣರಾಜ್ಯಗಳಿಂದ ಬಂದು ನೆಲೆಸಿದ್ದ ಸುಮಾರು 25,000 ಜನರ ಹೆಸರನ್ನು 1992ರ ಫೆಬ್ರವರಿಯಲ್ಲಿ ಕಾಯಂ ನಿವಾಸಿಗಳ ದಾಖಲೆಯಿಂದ ಸದ್ದಿಲ್ಲದೆ ತೆಗೆದುಹಾಕಲಾಯಿತು. ಗುಂಡಿನ ಸದ್ದಿಲ್ಲದೆಯೂ ಹಕ್ಕು ಹೇಗೆ ಹೋಗುತ್ತದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ನ್ಯಾಯಾಲಯದಾಚೆಗೂ ದೃಷ್ಟಿ ಹರಿಸಿ. ಮಧ್ಯ ಬೋಸ್ನಿಯಾ ಮತ್ತು ಹೆರ್ಜೆಗೊವಿನಾದ ಕೆಲವೆಡೆ ‘ಒಂದೇ ಸೂರಿನಡಿ ಎರಡು ಶಾಲೆ’ ಎಂಬ ವ್ಯವಸ್ಥೆಯಿದ್ದು, ಒಂದೇ ಕಟ್ಟಡಕ್ಕೆ ಬೋಸ್ನಿಯಾಕ್ ಮಕ್ಕಳು ಒಂದು ಬಾಗಿಲಿನಿಂದಲೋ ಪಾಳಿಯಲ್ಲೋ, ಕ್ರೊಯೇಟ್ ಮಕ್ಕಳು ಇನ್ನೊಂದರಲ್ಲೋ ಬರುತ್ತಾರೆ. ಪಠ್ಯಕ್ರಮವೂ ಬೇರೆ, ಆಡಳಿತವೂ ಬೇರೆ. ಯಾಯ್ತ್ಸೆ ಪಟ್ಟಣದಲ್ಲಿ ಹಾಗೆ ಬೇರೆಯೇ ಪ್ರೌಢಶಾಲೆ ತೆರೆಯುವ ಯೋಜನೆ ಬಂದಾಗ ಎರಡೂ ಕಡೆಯ ವಿದ್ಯಾರ್ಥಿಗಳೇ ಬೀದಿಗಿಳಿದು 2017ರಲ್ಲಿ ಅದನ್ನು ನಿಲ್ಲಿಸಿದರು. ಮಾತೃಭಾಷೆಯಲ್ಲಿ ಶಿಕ್ಷಣವೆಂಬ ಹಕ್ಕಿನ ಹೆಸರಿನಲ್ಲಿಯೇ ಬೇರ್ಪಡಿಕೆಯನ್ನು ಸಮರ್ಥಿಸುತ್ತಿದ್ದವರಿಗೆ ಹದಿಹರೆಯದವರು ಕೊಟ್ಟ ಈ ಉತ್ತರ ಯಾವ ತೀರ್ಪಿಗೂ ಕಡಿಮೆಯಲ್ಲ. ಇಂಥದ್ದು ದೂರದಿಂದ ಓದಿ ತಿಳಿಯುವಂಥದ್ದಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಅಧಿಕಾರ ಹಂಚಿಕೆ ಮತ್ತು ಸಮಾನತೆಯ ಪ್ರಶ್ನೆಯೇ ನನ್ನದೂ ಆದ್ದರಿಂದ ಅರ್ಜಿ ಹಾಕುವುದೆಂದು ಬಹುಮಟ್ಟಿಗೆ ನಿರ್ಧರಿಸಿದ್ದೇನೆ. ಭಾಷೆ ಮತ್ತು ಪ್ರವೇಶದ ವಿಚಾರ ಮಾತ್ರ ಉಳಿದಿದೆ.

ಮೂರನೆಯ ಉತ್ತರ

ಬೋಧನೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಯುದ್ಧಾಪರಾಧಗಳನ್ನು ವಿಚಾರಿಸಿದ ಹೇಗ್‌ನ ಯುಗೊಸ್ಲಾವಿಯಾ ನ್ಯಾಯಮಂಡಳಿಯ ತೀರ್ಪುಗಳು, ಬೋಸ್ನಿಯಾದ ಸಂವಿಧಾನವನ್ನು ಕುರಿತು ವೆನಿಸ್ ಆಯೋಗ (ಯುರೋಪ್ ಪರಿಷತ್ತಿನ ಸಾಂವಿಧಾನಿಕ ಸಲಹಾ ಸಂಸ್ಥೆ) 2005ರಲ್ಲಿ ಕೊಟ್ಟ ಅಭಿಪ್ರಾಯ, ಸ್ಟ್ರಾಸ್‌ಬರ್ಗ್‌ನ ತೀರ್ಪುಗಳು ಇಂಗ್ಲಿಷಿನಲ್ಲಿ ಲಭ್ಯವಿರುವುದರಿಂದ ಸಾಂವಿಧಾನಿಕ ವಿಷಯದ ಪ್ರಬಂಧಕ್ಕೆ ಭಾಷೆ ದೊಡ್ಡ ತೊಡಕಾಗದು. ಶಾಲೆ, ಗ್ರಾಮ, ಕಾಣೆಯಾದವರ ಕುಟುಂಬಗಳಂಥ ವಿಷಯ ಆರಿಸಿಕೊಂಡರೆ ಮಾತ್ರ ದುಭಾಷಿಯನ್ನು ನಂಬಿ ಕೂರುವುದು ಸರಿಯಲ್ಲ, ಏಕೆಂದರೆ ದುಭಾಷಿ ಯಾವ ಸಮುದಾಯದವರೆಂಬುದನ್ನು ನೋಡಿಯೇ ಎದುರಿನವರು ಮಾತನ್ನು ಅಳೆದು ಆಡುತ್ತಾರೆ. ಹೋಗುವ ಮುನ್ನವೇ ಭಾಷೆಯ ಅಭ್ಯಾಸ ಆರಂಭಿಸಿ, ಲ್ಯಾಟಿನ್ ಜೊತೆಗೆ ಸಿರಿಲಿಕ್ ಲಿಪಿಯನ್ನೂ ಕಲಿಯಿರಿ.

ಈ ಕಾರ್ಯಕ್ರಮವನ್ನು ಮುಖ್ಯವಾಗಿ ಆ ಪ್ರದೇಶದ ಯುವಜನರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿದೆ. ಹೊರಗಿನವರಿಗೆ ನೀವು ಅರ್ಜಿ ಹಾಕುವ ವರ್ಷ ಪ್ರವೇಶ, ಶುಲ್ಕ ಮತ್ತು ವಿದ್ಯಾರ್ಥಿವೇತನದ ನಿಯಮವೇನೆಂಬುದನ್ನು ಅಧಿಸೂಚನೆಯಲ್ಲಿ ನೋಡಿಯೇ ಮುಂದುವರಿಯಿರಿ. ಬೋಸ್ನಿಯಾ ಯುರೋಪಿನ ಸಮಾನ ವೀಸಾದ ಷೆಂಗೆನ್ ವಲಯದಲ್ಲಿಲ್ಲವಾದ್ದರಿಂದ ಅಧ್ಯಯನದ ಯಾವುದೇ ಭಾಗ ಇಟಲಿಯಲ್ಲಿದ್ದರೆ ಅಲ್ಲಿನ ವೀಸಾ ಬೇರೆಯಾಗಿಯೇ ಬೇಕು. ಅರ್ಜಿಯ ಜೊತೆಗಿನ ಹೇಳಿಕೆಯಲ್ಲಿ ಮಾನವ ಹಕ್ಕುಗಳ ಮೇಲಿನ ಒಲವನ್ನು ವರ್ಣಿಸುತ್ತ ಪುಟ ತುಂಬಿಸಬೇಡಿ. ಫಿಂಚಿ ಅವರಿಗೆ ನ್ಯಾಯ ದೊರಕಿಸುವಂತೆ ಅಧ್ಯಕ್ಷ ಮಂಡಳಿಯ ಚುನಾವಣೆಯನ್ನು ಬದಲಿಸುವ ಒಂದು ಮಾರ್ಗವನ್ನು ಸೂಚಿಸಿ, ಅದಕ್ಕೆ ಸರ್ಬರೂ ಕ್ರೊಯೇಟರೂ ಬೋಸ್ನಿಯಾಕರೂ ಎತ್ತಬಹುದಾದ ಆಕ್ಷೇಪಗಳನ್ನು ನೀವೇ ಬರೆದು ತೋರಿಸಿ.