ಕ್ಯಾಂಡಿಡ್, ಕ್ರಾಪ್: ಮ್ಯೂಸಿಯಂ ಒಳಗೆ ತೆಗೆದ ಜನರ ಫೋಟೋಗಳಿಗೆ ಯಾವ ಪದ?

ಎರಡು ಕನ್ನಡ ಪದಗಳು ಬೇಕಾಗಿವೆ. ಒಂದು 'ಕ್ಯಾಂಡಿಡ್' ಫೋಟೋಗೆ, ಅಂದರೆ ಪೋಸು ಕೊಡದೆ ಇರುವವರ ಫೋಟೋಗೆ. ಇನ್ನೊಂದು 'ಕ್ರಾಪ್' ಮಾಡುವುದಕ್ಕೆ, ಅಂದರೆ ತೆಗೆದ ಫೋಟೋದ ಅಂಚಿನಲ್ಲಿ ಬೇಡದ್ದನ್ನು ಕಳೆಯುವುದಕ್ಕೆ. ಇಂಗ್ಲಿಷ್ ಪದಗಳು ಎಲ್ಲರಿಗೂ ಗೊತ್ತಿರುವ ಮಾತುಗಳೇ, ಹಾಗೇ ಇಟ್ಟುಕೊಳ್ಳಿ ಅನ್ನುವವರೂ ಇದ್ದಾರೆ. ಆದರೆ ನಾನು ಮಡಿಕೇರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಫೋಟೋ ತೆಗೆಯುವುದನ್ನು ಹೇಳಿಕೊಡುತ್ತೇನೆ. ಅವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ, ಅದರಲ್ಲಿ ಒಂದು ಪಾಠ ಪೂರ್ತಿ ಮ್ಯೂಸಿಯಂ ಒಳಗೆ ಓಡಾಡುವ ಜನರ ಫೋಟೋ ಬಗ್ಗೆ. ಮಕ್ಕಳ ಕಿವಿಗೆ ಪದ ಹೇಗೆ ಬೀಳುತ್ತದೋ ಕೈಯೂ ಹಾಗೇ ನಡೆಯುತ್ತದೆ. ಅದಕ್ಕೇ ಕೇಳುತ್ತಿದ್ದೇನೆ.

ಮೊದಲು ಕ್ಯಾಂಡಿಡ್. ಬಾಯಿಮಾತಿನಲ್ಲಿ ಜಾಸ್ತಿ ಕೇಳುವುದು 'ಕದ್ದು ತೆಗೆದ ಫೋಟೋ'. ಅವರಿಗೆ ಗೊತ್ತಾಗದ ಹಾಗೆ ತೆಗೆದದ್ದು ಅನ್ನುವ ಅರ್ಥದಲ್ಲಿ. ಕ್ಲಾಸಿನಲ್ಲಿ ಈ ಮಾತು ಬಂದ ಕೂಡಲೇ ಮಕ್ಕಳು ಕಂಬದ ಹಿಂದೆ, ಬಾಗಿಲ ಸಂದಿಯಲ್ಲಿ ಅವಿತುಕೊಳ್ಳಲು ಶುರು ಮಾಡುತ್ತಾರೆ. ಅವಿತು ತೆಗೆದ ಫೋಟೋ ನೋಡಿದರೆ ಗೊತ್ತಾಗಿಬಿಡುತ್ತದೆ: ಮುಖ ಅರ್ಧ, ಬೆನ್ನು ಪೂರ್ತಿ, ನಡುವೆ ಯಾರದೋ ಭುಜ. ಇನ್ನೊಂದು ಕಷ್ಟವೂ ಇದೆ. ತೆಗೆದ ಮೇಲೆ ಆ ಮನುಷ್ಯನ ಹತ್ತಿರ ಹೋಗಿ ತೋರಿಸಿ, ಬೇಡ ಅಂದರೆ ಅವರ ಎದುರೇ ಅಳಿಸಿ ಅಂತ ನಾನು ಹೇಳುತ್ತೇನೆ. ಕದ್ದವನು ಕದ್ದದ್ದನ್ನು ಹೋಗಿ ತೋರಿಸುತ್ತಾನಾ?

ಪತ್ರಿಕೆಗಳು 'ಸೆರೆ ಹಿಡಿದ ಚಿತ್ರ' ಅನ್ನುತ್ತವೆ. ನಮ್ಮ ಕಡೆ ಸೆರೆ ಹಿಡಿಯುವುದು ತೋಟಕ್ಕೆ ನುಗ್ಗಿದ ಕಾಡಾನೆಯನ್ನು. ಅದಕ್ಕೆ ದುಬಾರೆಯಿಂದಲೋ ಮತ್ತಿಗೋಡಿನಿಂದಲೋ ಸಾಕಾನೆಗಳು ಬರಬೇಕು. ಗಾಜಿನ ಪೆಟ್ಟಿಗೆಯ ಮುಂದೆ ಸುಮ್ನೆ ನಿಂತ ಅಜ್ಜನಿಗೆ ಆ ಮಾತು ಹೊಂದುವುದಿಲ್ಲ. ಇನ್ನು 'ಸಹಜ ಭಂಗಿ' ಅಂತ ಬರೆಯುವವರಿದ್ದಾರೆ. ಭಂಗಿ ಅಂದರೇ ಪೋಸು ಅಲ್ವಾ? ಪೋಸು ಕೊಡದೇ ಇರುವುದು ಕ್ಯಾಂಡಿಡ್. ಮದುವೆ ಫೋಟೋಗ್ರಾಫರುಗಳಂತೂ ಅದನ್ನು ದರಪಟ್ಟಿಗೆ ಸೇರಿಸಿದ್ದಾರೆ, 'ಟ್ರೆಡಿಷನಲ್'ಗೆ ಒಂದು ರೇಟು, 'ಕ್ಯಾಂಡಿಡ್'ಗೆ ಇನ್ನೊಂದು. ಅಲ್ಲಿ ಮದುಮಗಳಿಗೆ ಕ್ಯಾಮೆರಾ ಎಲ್ಲಿದೆ ಅಂತ ಚೆನ್ನಾಗಿಯೇ ಗೊತ್ತಿರುತ್ತದೆ.

ಇಂಗ್ಲಿಷಿನಲ್ಲಿ ಈ ಹೆಸರು ಬಂದದ್ದು ಎರಿಕ್ ಸಾಲೊಮನ್ ಅನ್ನುವ ಜರ್ಮನ್ ಛಾಯಾಗ್ರಾಹಕನ ಕಾಲದಲ್ಲಿ. 1920ರ ದಶಕದ ಕೊನೆಯಲ್ಲಿ ಅವನು ಎರ್ಮಾನಾಕ್ಸ್ ಎಂಬ ಪುಟ್ಟ ಕ್ಯಾಮೆರಾದಲ್ಲಿ, ಫ್ಲಾಶ್ ಇಲ್ಲದೆ, ಕೋರ್ಟು ಕಚೇರಿ, ದೊಡ್ಡ ದೊಡ್ಡ ನಾಯಕರ ಸಭೆಗಳ ಒಳಗೇ ಫೋಟೋ ತೆಗೆಯುತ್ತಿದ್ದ. ಲಂಡನ್ನಿನ ಪತ್ರಿಕೆಯವರು ಅದಕ್ಕೆ 'ಕ್ಯಾಂಡಿಡ್ ಕ್ಯಾಮೆರಾ' ಅಂದರು. ಕೋರ್ಟಿನಲ್ಲಿ ಅವನು ಕ್ಯಾಮೆರಾವನ್ನು ಟೋಪಿಯಲ್ಲಿ ಬಚ್ಚಿಟ್ಟುಕೊಂಡದ್ದೂ ಉಂಟು. ಆದರೂ ಹೆಸರಿಟ್ಟವರು ಕಳ್ಳತನವನ್ನು ಎತ್ತಿಕೊಳ್ಳಲಿಲ್ಲ. ಕ್ಯಾಂಡಿಡ್ ಅಂದರೆ ಮುಚ್ಚುಮರೆ ಇಲ್ಲದ, ಲ್ಯಾಟಿನ್ ಮೂಲದಲ್ಲಿ ಬಿಳಿ ಅಂತ. ಫೋಟೋದಲ್ಲಿ ಇರುವವರು ಹೇಗಿದ್ದಾರೆ ಅನ್ನುವುದರಿಂದ ಹೆಸರು ಬಂತು, ತೆಗೆಯುವವನು ಎಲ್ಲಿ ಅಡಗಿದ್ದ ಅನ್ನುವುದರಿಂದಲ್ಲ. ಕನ್ನಡದಲ್ಲೂ ಪದ ಆ ಕಡೆಯಿಂದಲೇ ಬರಬೇಕು ಅಂತ ನನ್ನ ಹಟ.

ಒಂದು ಉದಾಹರಣೆ ಕೊಡುತ್ತೇನೆ. ಮಡಿಕೇರಿಯಲ್ಲಿರುವ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿಯಿಂದ ಮ್ಯೂಸಿಯಂ ಆಗಿದೆ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರ ಮನೆ, ಹಾಗಾಗಿ ಕೊಡಗಿನ ಮಾಜಿ ಸೈನಿಕರು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಅಂಥ ಒಬ್ಬ ಅಜ್ಜ ಸಮವಸ್ತ್ರದ ಒಂದು ಹಳೇ ಫೋಟೋದ ಮುಂದೆ ನಿಂತಿದ್ದರು. ಯಾರೂ ಹೇಳದೆ ಅವರ ಬೆನ್ನು ನೆಟ್ಟಗಾಯಿತು, ಎರಡೂ ಕೈ ಪಕ್ಕಕ್ಕೆ ಬಂದವು, ಹೆಬ್ಬೆರಳು ಪ್ಯಾಂಟಿನ ಹೊಲಿಗೆಗೆ ತಾಗಿತು. ಪಕ್ಕದಲ್ಲಿ ಮೊಮ್ಮಗಳು ಗಾಜಿಗೆ ಮೂಗು ಒತ್ತಿ ನಿಂತಿದ್ದಳು, ಉಸಿರಿಗೆ ಗಾಜು ಮಂಜಾಗಿತ್ತು. ನಮ್ಮ ಹುಡುಗಿಯೊಬ್ಬಳು ಅಡಗದೆ, ಎದುರಿನ ಗೋಡೆಗೆ ಒರಗಿ, ಎಲ್ಲರಿಗೂ ಕಾಣುವ ಹಾಗೇ ನಿಂತು ಆ ಫೋಟೋ ತೆಗೆದಳು. ಅವರು ಅವಳ ಕಡೆ ನೋಡಲೇ ಇಲ್ಲ. ಅವರು ಅವರ ಪಾಡಿಗೆ ಇದ್ದರು.

ಆ ಮಾತೇ ಸರಿ ಅನ್ನಿಸುತ್ತಿದೆ. 'ತಮ್ಮ ಪಾಡಿಗೆ ತಾವು ಇದ್ದವರ ಫೋಟೋ'. ಅಡಗುವುದು, ಹಿಡಿಯುವುದು ಯಾವುದೂ ಅದರಲ್ಲಿ ಇಲ್ಲ. ಆದರೆ ಕೈಪಿಡಿಯಲ್ಲಿ ಪ್ರತಿ ಸಲ ಇಷ್ಟುದ್ದ ಬರೆಯಲು ಆಗುವುದಿಲ್ಲ. 'ಪಾಡಿನ ಚಿತ್ರ' ಅಂತ ಮೊಟಕು ಮಾಡಿದರೆ ಹೇಗೆ? ನನ್ನ ಅನುಮಾನ ಇಲ್ಲೇ ಇರುವುದು. 'ಅವನ ಪಾಡು ಯಾರಿಗೂ ಬೇಡ' ಅನ್ನುತ್ತೇವಲ್ಲ, ಆ ಪಾಡು ಮೊದಲು ನೆನಪಾದರೆ ಕಷ್ಟದಲ್ಲಿರುವವರ ಚಿತ್ರ ಅಂತಾಗಿಬಿಡುತ್ತದೆ. ಕೊಡಗಿನಲ್ಲಿ ಇನ್ನೂ ಒಂದು ತೊಡಕು: ಪಾಡಿ ಅಂದರೆ ಕಕ್ಕಬ್ಬೆ ಕಡೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನ ನೆನಪಾಗುತ್ತದೆ. 'ತನ್ನಪಾಡಿನ ಚಿತ್ರ' ಅಂತ ಕೂಡಿಸಿ ಬರೆದರೆ ಈ ಎರಡೂ ತಪ್ಪುತ್ತವಾ? ಮೈಸೂರು, ಧಾರವಾಡ, ಕರಾವಳಿ ಕಡೆಯವರ ಕಿವಿಗೆ ಅದು ಹೇಗೆ ಕೇಳುತ್ತದೆ ಅಂತ ತಿಳಿಯಬೇಕು.

ಈಗ ಕ್ರಾಪ್. ಹಳೆಯ ಕನ್ನಡಿಗರಿಗೆ ಕ್ರಾಪು ಅಂದರೆ ತಲೆಗೂದಲು. ಜುಟ್ಟು ತೆಗೆಸಿ ಕ್ರಾಪು ಬಿಟ್ಟ ಅನ್ನುತ್ತಿದ್ದರು. ಫೋಟೋಗೆ ಈಗ 'ಕತ್ತರಿಸು' ಅಂತ ಬಳಕೆ. ಮಕ್ಕಳಿಗೆ ಕತ್ತರಿಸು ಅಂದರೆ ಬೇಡದವರನ್ನು ತೆಗೆದುಹಾಕು ಅಂತಲೇ ಅರ್ಥ. ಹಾಗೆ ಮಾಡಿ ಅಜ್ಜನ ಫೋಟೋದಿಂದ ಮೊಮ್ಮಗಳನ್ನು ತೆಗೆದರೆ ಏನು ಉಳಿಯುತ್ತದೆ? ಎದುರಿನ ಸಮವಸ್ತ್ರದ ಫೋಟೋವನ್ನು ಕತ್ತರಿಸಿಬಿಟ್ಟರೆ ಅಜ್ಜ ಯಾಕೆ ನೆಟ್ಟಗೆ ನಿಂತರು ಅಂತಲೇ ಗೊತ್ತಾಗುವುದಿಲ್ಲ. ಮ್ಯೂಸಿಯಂ ಫೋಟೋದಲ್ಲಿ ನೋಡುವವರು, ನೋಡಿಸಿಕೊಳ್ಳುವ ವಸ್ತು, ಎರಡೂ ಬೇಕು. ಛಾಯಾಗ್ರಾಹಕ ಎಲಿಯಟ್ ಅರ್ವಿಟ್ 1995ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ತೆಗೆದ ಫೋಟೋ ಹಲವರು ನೋಡಿರುತ್ತೀರಿ. ಅದರಲ್ಲಿ ಚಿತ್ರಕಾರ ಗೋಯಾನ ಎರಡು ಚಿತ್ರ ಅಕ್ಕಪಕ್ಕ ಇವೆ. ಒಬ್ಬಳೇ ಹೆಂಗಸನ್ನು ಅವನು ಎರಡು ಸಲ ಬರೆದಿದ್ದಾನೆ, ಒಂದರಲ್ಲಿ ಬಟ್ಟೆ ಇದೆ, ಇನ್ನೊಂದರಲ್ಲಿ ಇಲ್ಲ. ಬಟ್ಟೆ ಇಲ್ಲದ್ದರ ಮುಂದೆ ಗಂಡಸರ ಗುಂಪು, ಬಟ್ಟೆ ಇರುವುದರ ಮುಂದೆ ಒಬ್ಬಳೇ ಹೆಂಗಸು. ಯಾವ ಕಡೆ ಕತ್ತರಿ ಆಡಿಸಿದರೂ ಆ ಫೋಟೋ ಮುಗಿಯಿತು.

ಹಾಗಂತ ಕ್ರಾಪೇ ಬೇಡ ಅನ್ನುವವನಲ್ಲ ನಾನು. ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ ಬ್ರೆಸೊನ್ ಕ್ರಾಪ್ ಮಾಡುವುದಕ್ಕೆ ವಿರೋಧ ಅಂತ ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೆ 1932ರಲ್ಲಿ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ ನೀರಿನ ಮೇಲೆ ಹಾರುವ ಮನುಷ್ಯನ ಫೋಟೋವನ್ನು ಬೇಲಿಯ ಹಲಗೆ ಸಂದಿಯಿಂದ ತೆಗೆದ, ಎಡಗಡೆ ಬಂದ ಹಲಗೆಯನ್ನು ಆಮೇಲೆ ತೆಗೆಯಲೇಬೇಕಾಯಿತು. ಸನ್ನಿ ಸೈಡ್‌ನದೂ ಅದೇ ಕಥೆ. ಅದು ವಾಸದ ಮನೆ, ಮಡಿಕೇರಿ ಕೋಟೆಯ ಒಳಗಿನ ಹಳೇ ಚರ್ಚಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಷ್ಟು ಎತ್ತರ ಇಲ್ಲ, ಹಿಂದಕ್ಕೆ ಸರಿಯಲು ಜಾಗ ಕಮ್ಮಿ. ಫೋನಿನ ಅಗಲ ಲೆನ್ಸಿಗೆ ಅಂಚಿನಲ್ಲಿ ಸ್ವಿಚ್ಚು, ಬೆಂಕಿ ಆರಿಸುವ ಸಿಲಿಂಡರು, ಇನ್ಯಾರದೋ ಮೊಣಕೈ ಎಲ್ಲ ಬರುತ್ತದೆ. ಅದನ್ನು ತೆಗೆಯಬೇಕು. ಎಷ್ಟು ಅನ್ನುವುದಕ್ಕೆ ಲೆಕ್ಕ ಇದೆ: 4000 ಕ್ಕೆ 3000 ಪಿಕ್ಸೆಲ್ ಫೋಟೋದ ಅಗಲ, ಎತ್ತರ ಎರಡನ್ನೂ ಅರ್ಧ ಮಾಡಿದರೆ 1.2 ಕೋಟಿ ಪಿಕ್ಸೆಲ್‌ನಲ್ಲಿ ಉಳಿಯುವುದು 30 ಲಕ್ಷ. ಒಳ್ಳೆ ಪ್ರಿಂಟ್ ಬೇಕಾದರೆ ಆರೂವರೆ ಇಂಚು ಅಗಲಕ್ಕೇ ನಿಲ್ಲಬೇಕು. ಇನ್ನೊಂದು, ಕೀಲು ಇರುವ ಕಡೆ ಅಂಚು ಬರಬಾರದು. ಮಣಿಕಟ್ಟಿಗೆ, ಮಂಡಿಗೆ ಸರಿಯಾಗಿ ನಿಲ್ಲಿಸಿದರೆ ಕೈಕಾಲು ಮೊಂಡಾದ ಹಾಗೆ ಕಾಣುತ್ತದೆ.

ಇದಕ್ಕೆ ತೋಟದಲ್ಲಿ ಒಂದು ಮಾತಿದೆ, ಕಪಾತು. ಕಾಫಿ ಗಿಡಕ್ಕೆ ಬಿಸಿಲು ಬೀಳಲಿ ಅಂತ ನೆರಳು ಮರದ ಕೊಂಬೆ ಇಳಿಸುವುದು. ಮರ ಕಡಿಯುವುದಲ್ಲ, ಕೆಳಗಿನ ಗಿಡಕ್ಕೆ ಬೆಳಕು ಬಿಡುವುದು. ಕ್ರಾಪ್ ಮಾಡುವಾಗಲೂ ಇದೇ ಬೇಕು. 'ಅಂಚು ಕಪಾತು ಮಾಡಿ' ಅಂದರೆ ಕೊಡಗಿನ ಸಿದ್ದಾಪುರ, ಪೊನ್ನಂಪೇಟೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ. ಆದರೆ ಕಾಫಿ ಬೆಳೆಯದ ಊರಿನಲ್ಲಿ ಈ ಪದ ನಡೆಯುತ್ತದಾ? ನಡೆಯದಿದ್ದರೆ 'ಸವರು' ಇದೆ. ಬೇಲಿ ಸವರು, ಕೊಂಬೆ ಸವರು ಅಂತ ಎಲ್ಲ ಕಡೆ ಹೇಳುತ್ತಾರೆ ಅಂದುಕೊಂಡಿದ್ದೇನೆ. 'ಫೋಟೋ ಅಂಚು ಸವರು' ಅಂದರೆ ಕೈಯಿಂದ ನೇವರಿಸು ಅಂತ ಯಾರಾದರೂ ತಿಳಿಯುತ್ತಾರಾ, ಅದನ್ನೂ ಹೇಳಿ.

ಕಂಪೋಸಿಷನ್‌ಗೆ, ಅಂದರೆ ಫೋಟೋದಲ್ಲಿ ಯಾವುದು ಎಲ್ಲಿರಬೇಕು ಅಂತ ಹೊಂದಿಸುವುದಕ್ಕೆ, 'ಸಂಯೋಜನೆ' ಬಿಟ್ಟು 'ಚಿತ್ರ ಕಟ್ಟು' ಅಂತ ಬರೆದುಕೊಂಡಿದ್ದೇನೆ. ಪದ ಕಟ್ಟುತ್ತೇವೆ, ಹಾರ ಕಟ್ಟುತ್ತೇವೆ, ಇದೂ ಹಾಗೇ. ಅದರ ಬಗ್ಗೆ ನನಗೆ ಗೊಂದಲ ಇಲ್ಲ. ಒಂದೇ ಒಂದು ಬಾಕಿ: ಮನುಷ್ಯ ಯಾವ ಕಡೆ ನೋಡುತ್ತಿದ್ದಾನೋ ಆ ಕಡೆ ಫೋಟೋದಲ್ಲಿ ಸ್ವಲ್ಪ ಖಾಲಿ ಜಾಗ ಬಿಡಬೇಕಲ್ಲ, ಅದಕ್ಕೆ 'ನೋಟದ ಜಾಗ' ಅಂತ ಇಟ್ಟಿದ್ದೇನೆ. ನಾಟಕದವರು, ಚಿತ್ರ ಬರೆಯುವವರು ಇದಕ್ಕೆ ಮೊದಲಿಂದ ಏನಾದರೂ ಅನ್ನುತ್ತಿದ್ದರೆ ಅದನ್ನೇ ಹಾಕುತ್ತೇನೆ.