ಹಳೇ ಡಿವಿಆರ್ ಬದಲಾಯಿಸಬೇಕು: ರಾತ್ರಿ ಹೊತ್ತು ಮುಖ ಗುರುತು ಸಿಗುವ ಕ್ಯಾಮೆರಾ ಯಾವುದು?

ಗೇಟಿನಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ಹಳೇ ಅನಲಾಗ್ ಕ್ಯಾಮೆರಾ ಇವೆ. ಗೋಡೆಯೊಳಗಿನ ಪೈಪಿನಲ್ಲಿ ಕೋಆಕ್ಸ್ ಕೇಬಲ್, ಟಿವಿ ಕೆಳಗೆ ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್. ರೆಕಾರ್ಡ್ ಆಗುವುದು 960×480 ಪಿಕ್ಸೆಲ್ಲಿನಲ್ಲಿ. ಬಾಗಿಲಿಗೆ ಯಾರು ಬಂದರು ಅಂತ ನೋಡುವುದಕ್ಕೆ ಇಷ್ಟು ದಿನ ಅದು ಸಾಕಾಗಿತ್ತು.

ಮೊನ್ನೆ ರಾತ್ರಿ ಯಾರೋ ಗೇಟು ಹಾರಿ ಬಂದು ಸೈಕಲ್ ತೆಗೆದುಕೊಂಡು ಹೋದರು. ಎಲ್ಲ ರೆಕಾರ್ಡ್ ಆಗಿದೆ, ಆದರೆ ಯಾವ ಪ್ರಯೋಜನವೂ ಇಲ್ಲ. ಗೇಟಿನ ಹತ್ತಿರ ಇದ್ದಾಗ ಆ ವ್ಯಕ್ತಿ ಬರೀ ಒಂದು ಕಪ್ಪು ಆಕಾರ. ಕ್ಯಾಮೆರಾ ಕೆಳಗೆ ಬಂದಾಗ ಮುಖ ಪೂರ್ತಿ ಬಿಳಿ, ಕಣ್ಣೂ ಇಲ್ಲ ಮೂಗೂ ಇಲ್ಲ. ನಡೆಯುವಾಗ ಕೈಕಾಲು ಎಳೆದ ಹಾಗೆ ಮಸುಕು. ಜೊತೆಗೆ ಪರದೆಯ ಮೇಲಿನ ಗಡಿಯಾರ ಇಪ್ಪತ್ತು ನಿಮಿಷ ಹಿಂದಿದೆ. ದೂರು ಕೊಡಲು ಹೋದಾಗ ಮೊದಲು ಕೇಳಿದ್ದೇ ಸಮಯದ ಬಗ್ಗೆ.

ಸೈಕಲ್ ಹೋದರೆ ಹೋಗಲಿ. ಅಮ್ಮ ಹಗಲು ಹೊತ್ತು ಒಬ್ಬರೇ ಇರುತ್ತಾರೆ. ಅಂದಿನಿಂದ ಅವರಿಗೆ ಸರಿಯಾಗಿ ನಿದ್ದೆ ಇಲ್ಲ, ಸಣ್ಣ ಸದ್ದಾದರೂ ಎದ್ದು ಕಿಟಕಿ ಹತ್ತಿರ ನಿಲ್ಲುತ್ತಾರೆ. ಅದಕ್ಕೇ ಈ ಸಲ ಸರಿಯಾಗಿ ಮಾಡಿಸಬೇಕು ಅಂತಿದ್ದೇನೆ.

ಮುಂದಿನ ಗೋಡೆಯಿಂದ ಗೇಟಿಗೆ ಅಳತೆ ಟೇಪಿನಲ್ಲಿ 9 ಮೀಟರ್. ಪಕ್ಕದಲ್ಲಿ ಉದ್ದ, ಕಿರಿದಾದ ಓಣಿ. ಹಿಂದೆ ಒಂದು ಬಾಗಿಲು, ಮೇಲೆ ಹೋಗುವ ಮೆಟ್ಟಿಲು. ಎಲ್ಲ ಕಡೆ 4ಕೆ ಕ್ಯಾಮೆರಾ ಹಾಕಿಬಿಟ್ಟರೆ ಆಯಿತಾ? ವೈಫೈ ಒಳ್ಳೆಯದಾ, ವೈರ್ ಒಳ್ಳೆಯದಾ? ಗೋಡೆಯೊಳಗಿನ ಹಳೇ ಕೇಬಲ್ ಏನಾದರೂ ಉಪಯೋಗಕ್ಕೆ ಬರುತ್ತದಾ? ಗೋಡೆ ಒಡೆಸುವುದು ತಪ್ಪಿದರೆ ಒಳ್ಳೆಯದು.

ನೀಲಿ ಛತ್ರಿ:

ಮೇಡಂ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು 4ಕೆ ವೈಫೈ ಕ್ಯಾಮೆರಾ ತಗೊಳ್ಳಿ. ಕೇಬಲ್ ಎಳೆಯುವ ಕೆಲಸವೇ ಇಲ್ಲ, ಮೊಬೈಲಿನಲ್ಲೇ ಎಲ್ಲ ಸಿಗುತ್ತದೆ. ನಮ್ಮ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿದೆ.

ತಾಮ್ರದ ತಂತಿ:

ಮೇಡಂ, ನಾನು ಕ್ಯಾಮೆರಾ ಹಾಕುವ ಕೆಲಸವನ್ನೇ ಮಾಡುವವನು. ಹೊಸದು ಹಾಕಿಸಿದ ಮೇಲೂ ನೀವು ಹೇಳಿದ ಇದೇ ದೂರು ಮತ್ತೆ ಬರುವುದನ್ನು ಬೇಕಾದಷ್ಟು ನೋಡಿದ್ದೇನೆ. ಕಾರಣ, ಎಲ್ಲರೂ ಮೆಗಾಪಿಕ್ಸೆಲ್‌ನಿಂದ ಶುರು ಮಾಡುತ್ತಾರೆ. ಲೆನ್ಸ್ ಯಾವುದು, ರಾತ್ರಿ ಬೆಳಕು ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳುವುದಿಲ್ಲ.

ನಿಮ್ಮ ಗೇಟನ್ನೇ ತೆಗೆದುಕೊಳ್ಳಿ. ಪೆಟ್ಟಿಗೆಯಲ್ಲಿ ಬರುವ ಹೆಚ್ಚಿನ ಕ್ಯಾಮೆರಾಗಳಿಗೆ 2.8 ಎಂಎಂ ಲೆನ್ಸ್ ಇರುತ್ತದೆ. ಅದು ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. 9 ಮೀಟರ್ ದೂರದಲ್ಲಿ ಆ ಅಗಲ ಎಷ್ಟಾಗುತ್ತದೆ ಗೊತ್ತಾ? ಹತ್ತಿರ ಹತ್ತಿರ 21 ಮೀಟರ್. ನಿಮ್ಮ ಹಳೇ ಕ್ಯಾಮೆರಾದ 960 ಪಿಕ್ಸೆಲ್ ಅಷ್ಟು ಅಗಲಕ್ಕೆ ಹಂಚಿಹೋದರೆ ಮೀಟರಿಗೆ ಬರೀ 45. ಪರಿಚಯವಿಲ್ಲದ ಮುಖವನ್ನು ಧೈರ್ಯವಾಗಿ ಗುರುತಿಸಬೇಕಾದರೆ ಮೀಟರಿಗೆ 250 ಪಿಕ್ಸೆಲ್ ಬೇಕು ಅನ್ನುವುದು ಈ ಕೆಲಸದಲ್ಲಿ ಒಪ್ಪಿಕೊಂಡಿರುವ ಅಳತೆ. ಮೊದಲೇ ಗೊತ್ತಿರುವವರಾದರೆ 125 ಸಾಕು. ಯಾರೋ ಇದ್ದಾರೆ ಅಂತ ತಿಳಿಯಲು 25 ಸಾಕು. ನಿಮಗೆ ಕಪ್ಪು ಆಕಾರ ಕಂಡಿದ್ದು ಇದಕ್ಕೇ.

ಈಗ ಅದೇ ಜಾಗಕ್ಕೆ ಅದೇ 2.8 ಎಂಎಂ ಲೆನ್ಸಿನ 4ಕೆ ಕ್ಯಾಮೆರಾ ಹಾಕಿದಿರಿ ಅನ್ನಿ. 3840 ಪಿಕ್ಸೆಲ್ಲನ್ನು 21 ಮೀಟರಿಗೆ ಹಂಚಿದರೆ 180 ಚಿಲ್ಲರೆ. ಆಗಲೂ ಸಾಲದು. ಅದರ ಬದಲು 4 ಮೆಗಾಪಿಕ್ಸೆಲ್ ಕ್ಯಾಮೆರಾಗೆ 6 ಎಂಎಂ ಲೆನ್ಸ್ ಇದ್ದರೆ, ಅದು ನೋಡುವುದು ಸುಮಾರು 50 ಡಿಗ್ರಿ, ಗೇಟಿನ ಹತ್ತಿರ ಎಂಟೂವರೆ ಮೀಟರ್ ಅಗಲ. 2560 ಪಿಕ್ಸೆಲ್ ಅಷ್ಟಕ್ಕೇ ಹಂಚಿದರೆ ಮೀಟರಿಗೆ 300! ಅರ್ಧಕ್ಕಿಂತ ಕಡಿಮೆ ಮೆಗಾಪಿಕ್ಸೆಲ್, ಮುಖ ಮಾತ್ರ ಹೆಚ್ಚು ಸ್ಪಷ್ಟ. ಅಕ್ಕಪಕ್ಕ ಸ್ವಲ್ಪ ಬಿಟ್ಟುಹೋಗುತ್ತದೆ, ಅದಕ್ಕೆ ಬೇರೊಂದು ಅಗಲದ ಕ್ಯಾಮೆರಾ ಇರಲಿ. ಒಂದೇ ಕ್ಯಾಮೆರಾದಲ್ಲಿ ಇಡೀ ಅಂಗಳವೂ ಬೇಕು, ಮುಖವೂ ಬೇಕು ಅಂದರೆ ಎರಡೂ ಸಿಗುವುದಿಲ್ಲ.

ಇನ್ನು ರಾತ್ರಿ. ಇಲ್ಲಿ 4ಕೆ ಇನ್ನೂ ತೊಂದರೆ ಕೊಡುತ್ತದೆ. ಎಲ್ಲ 4ಕೆ ಕ್ಯಾಮೆರಾನೂ ಕೆಟ್ಟದ್ದು ಅಂತಲ್ಲ. ಒಳಗೆ ಬೆಳಕು ಹಿಡಿಯುವ ಸೆನ್ಸಾರ್ ಎಷ್ಟು ದೊಡ್ಡದು ಅನ್ನುವುದು ಮುಖ್ಯ. ಡಬ್ಬಿ ಮೇಲೆ 1/2.8 ಇಂಚು, 1/1.8 ಇಂಚು ಅಂತ ಬರೆದಿರುತ್ತದೆ. ಎರಡನೆಯದರ ಮೇಲ್ಮೈ ಮೊದಲನೆಯದರ ಸುಮಾರು ಎರಡೂವರೆ ಪಟ್ಟು. ಸಣ್ಣ ಸೆನ್ಸಾರಿನಲ್ಲಿ 4ಕೆಯ 8 ಮೆಗಾಪಿಕ್ಸೆಲ್ ತುರುಕಿದರೆ ಒಂದೊಂದು ಪಿಕ್ಸೆಲ್ಲಿಗೂ ಸಿಗುವ ಬೆಳಕು ತೀರಾ ಕಡಿಮೆ. ದೊಡ್ಡ ಸೆನ್ಸಾರಿನ 4 ಮೆಗಾಪಿಕ್ಸೆಲ್‌ನಲ್ಲಿ ಪ್ರತಿ ಪಿಕ್ಸೆಲ್ ಅದರ ಐದು ಪಟ್ಟು ದೊಡ್ಡದು. ಕತ್ತಲಲ್ಲಿ ಈ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ.

ನೀವು ಹೇಳಿದ ಮಸುಕಿಗೆ ಕಾರಣ ಷಟರ್, ಅಂದರೆ ಒಂದೊಂದು ಫ್ರೇಮಿಗೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ತೆಗೆದುಕೊಳ್ಳುತ್ತದೆ ಅನ್ನುವುದು. ಬೆಳಕು ಸಾಲದೆ ಇದ್ದಾಗ ಕ್ಯಾಮೆರಾ ತಾನಾಗಿಯೇ ಷಟರನ್ನು ನಿಧಾನ ಮಾಡಿಕೊಳ್ಳುತ್ತದೆ. ನಿಂತಿರುವ ಗೋಡೆ, ಗಿಡ ಎಲ್ಲ ಹಗಲಿನ ಹಾಗೆ ಚೆನ್ನಾಗಿ ಕಾಣುತ್ತದೆ, ಅಂಗಡಿಯಲ್ಲಿ ತೋರಿಸುವುದೂ ಅದನ್ನೇ. ಆದರೆ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ನಡೆಯುತ್ತಾನೆ. ಷಟರ್ 1/12 ಸೆಕೆಂಡ್ ಇದ್ದರೆ ಒಂದು ಫ್ರೇಮ್ ಮುಗಿಯುವಷ್ಟರಲ್ಲಿ ಅವನು 11-12 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ, ಅಂದರೆ ಹೆಚ್ಚುಕಡಿಮೆ ಒಂದು ಮುಖದ ಅಗಲ. ಎಷ್ಟು ಮೆಗಾಪಿಕ್ಸೆಲ್ ಇದ್ದರೂ ಆ ಮುಖ ವಾಪಸ್ ಬರುವುದಿಲ್ಲ. ಷಟರನ್ನು ಕೈಯಾರೆ 1/100ಕ್ಕೆ ಇಟ್ಟರೆ ಒಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಸರಿದಾಟ. ಚಿತ್ರ ಕಪ್ಪಾಗುತ್ತದೆ, ನಿಜ. ಅದಕ್ಕೆ ಬೆಳಕು ಹಾಕಬೇಕು. ಗೇಟಿನ ಮೇಲೆ ಒಂದು ಎಲ್‌ಇಡಿ ದೀಪ ರಾತ್ರಿಯಿಡೀ ಉರಿಯಲಿ. ನಿಮ್ಮ ಮನೆಗೆ ಬೇಕಾದ ಮೊದಲ ಬದಲಾವಣೆ ಇದೇ ಅಂತ ನನ್ನ ಅಭಿಪ್ರಾಯ, ಕ್ಯಾಮೆರಾ ಆಮೇಲೆ. ಬಣ್ಣದಲ್ಲೇ ರೆಕಾರ್ಡ್ ಆಗುತ್ತದೆ, ಅಂಗಿ ಯಾವ ಬಣ್ಣ ಅಂತಲೂ ಗೊತ್ತಾಗುತ್ತದೆ. ಕ್ಯಾಮೆರಾದ ಸ್ವಂತ ಇನ್‌ಫ್ರಾರೆಡ್ ದೀಪವನ್ನೇ ನಂಬಿಕೊಂಡರೆ, ಹತ್ತಿರ ಬಂದವರ ಮುಖಕ್ಕೆ ಅದು ನೇರವಾಗಿ ಹೊಡೆದು ಬಿಳಿ ಮಾಡಿಬಿಡುತ್ತದೆ. ನಿಮ್ಮ ಫುಟೇಜಿನಲ್ಲಿ ಆಗಿದ್ದು ಅದೇ. ಜೊತೆಗೆ ಕ್ಯಾಮೆರಾದ ಮುಂದೆ ಜೇಡ ಬಲೆ ಕಟ್ಟಿದರೆ ಆ ಬೆಳಕಿನಲ್ಲಿ ಅದು ಹೊಳೆಯುತ್ತದೆ. ಆಮೇಲೆ ಲೆನ್ಸಿನ ಮುಂದೆ ಬಲೆ ಅಲ್ಲಾಡಿದಾಗೆಲ್ಲ ಮೊಬೈಲ್ ಕೂಗುತ್ತದೆ.

ಕ್ಯಾಮೆರಾವನ್ನು ಸೂರಿನ ತುದಿಗೆ ಏರಿಸಬೇಡಿ. ಅಲ್ಲಿಂದ ತಲೆ, ಟೋಪಿ ಅಷ್ಟೇ ಕಾಣುವುದು. ಎರಡೂವರೆಯಿಂದ ಮೂರು ಮೀಟರ್ ಎತ್ತರ ಸಾಕು. ಪಕ್ಕದ ಓಣಿಗೆ ಕಾರಿಡಾರ್ ಮೋಡ್ ಇರುವ ಕ್ಯಾಮೆರಾ ಹಾಕಿ. ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಕೂರಿಸುತ್ತಾರೆ, ಚಿತ್ರ ಉದ್ದುದ್ದ ಬರುತ್ತದೆ, ಎರಡು ಕಡೆಯ ಗೋಡೆಗೆ ಪಿಕ್ಸೆಲ್ ದಂಡವಾಗುವುದಿಲ್ಲ.

ಕೇಬಲ್ ವಿಷಯ. ನಿಮ್ಮ ಕೋಆಕ್ಸ್ ಚೆನ್ನಾಗಿದ್ದರೆ ಗೋಡೆ ಒಡೆಯಬೇಕಾಗಿಲ್ಲ. ಟಿವಿಐ, ಸಿವಿಐ, ಎಎಚ್‌ಡಿ ಅಂತ ಬರುವ ಕ್ಯಾಮೆರಾಗಳು ಅದೇ ಕೇಬಲಿನಲ್ಲಿ 2, 5 ಮೆಗಾಪಿಕ್ಸೆಲ್ ಚಿತ್ರ ಕಳಿಸುತ್ತವೆ. ಡಿವಿಆರ್ ಬದಲು ಎಕ್ಸ್‌ವಿಆರ್ ತಗೊಳ್ಳಿ, ಅದು ಕೋಆಕ್ಸ್ ಕ್ಯಾಮೆರಾವನ್ನೂ ಕೆಲವು ಐಪಿ (ನೆಟ್‌ವರ್ಕ್ ಕೇಬಲಿನ) ಕ್ಯಾಮೆರಾಗಳನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತದೆ. ಓಣಿ, ಹಿಂಬಾಗಿಲು, ಮೆಟ್ಟಿಲು ಹಳೇ ಕೇಬಲಿನಲ್ಲೇ ಇರಲಿ. ಗೇಟು ನೋಡುವ ಒಂದಕ್ಕೆ ಮಾತ್ರ ಹೊಸ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಸಿ ಪಿಒಇ ಐಪಿ ಕ್ಯಾಮೆರಾ ಹಾಕಿ. ಕರೆಂಟು, ಚಿತ್ರ ಎರಡೂ ಒಂದೇ ಕೇಬಲಿನಲ್ಲಿ ಹೋಗುತ್ತದೆ, 100 ಮೀಟರ್ ತನಕ ಚಿಂತೆ ಇಲ್ಲ. ಕೇಬಲ್ ಶುದ್ಧ ತಾಮ್ರದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಸಿಸಿಎ ಅಂತ ಇದ್ದರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಬೇಡವೇ ಬೇಡ.

ನೀಲಿ ಛತ್ರಿಯವರು ಹೇಳಿದ ವೈಫೈ ಕೂಡ ನಡೆಯುತ್ತದೆ, ಬಾಡಿಗೆ ಮನೆಯಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಬ್ಯಾಟರಿ ಇರುವುದು ಯಾರಾದರೂ ಅಲ್ಲಾಡಿದ ಮೇಲೆ ಎದ್ದು ರೆಕಾರ್ಡ್ ಮಾಡುತ್ತದೆ, ಶುರುವಿನ ಆ ಒಂದೆರಡು ಸೆಕೆಂಡಿನಲ್ಲೇ ಮುಖ ತಪ್ಪಿಹೋಗಬಹುದು. ಬ್ಯಾಟರಿ ಇಲ್ಲದ್ದಕ್ಕೆ ಹೇಗಿದ್ದರೂ ಕರೆಂಟಿನ ವೈರ್ ಎಳೆಯಬೇಕು. ವೈರ್ ಎಳೆಯುವುದೇ ಆದರೆ ನೆಟ್‌ವರ್ಕ್ ಕೇಬಲ್ಲನ್ನೇ ಎಳೆಯಬಹುದು ಅಲ್ವಾ?

ನೀಲಿ ಛತ್ರಿ:

ಸರ್ ಹೇಳಿದ್ದು ಸರಿ. ನಮ್ಮ ಮನೆ ಬಾಗಿಲಿನಿಂದ ರಸ್ತೆ ಎರಡೇ ಹೆಜ್ಜೆ. 9 ಮೀಟರ್ ದೂರದ ಲೆಕ್ಕ ನನಗೆ ಹೊಳೆದಿರಲಿಲ್ಲ.

ಪಾಸ್‌ವರ್ಡ್ ಬದಲಿಸಿ:

ಒಂದು ವಿಷಯ ಯಾರೂ ಎತ್ತಿಲ್ಲ. ಮೊಬೈಲಿನಲ್ಲಿ ನೋಡಲು ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನ ಇಂಟರ್‌ನೆಟ್ಟಿನಿಂದ ರೆಕಾರ್ಡರಿಗೆ ನೇರ ದಾರಿ ತೆರೆದು ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹೀಗೆ ಇಂಟರ್‌ನೆಟ್ಟಿಗೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಹುಡುಕಿ ಹುಡುಕಿ ಹಿಡಿಯಿತು. ಅದು ದೊಡ್ಡ ವಿದ್ಯೆ ಏನೂ ಬಳಸಲಿಲ್ಲ. ಫ್ಯಾಕ್ಟರಿಯಿಂದ ಬಂದ ಅಡ್ಮಿನ್ ಹೆಸರು, ಪಾಸ್‌ವರ್ಡುಗಳ ಒಂದು ಪಟ್ಟಿ ಇಟ್ಟುಕೊಂಡು ಒಂದೊಂದಾಗಿ ಪ್ರಯತ್ನಿಸಿತು. ಅದೇ ವರ್ಷ ಅಕ್ಟೋಬರ್ 21ರಂದು ಆ ಸಾಧನಗಳಿಂದಲೇ ತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಎಷ್ಟೋ ಜನರಿಗೆ ಸಿಗಲಿಲ್ಲ. ಯಾರದೋ ಮನೆಯ ಡಿವಿಆರ್ ಅದರಲ್ಲಿ ಪಾಲುಗೊಂಡಿದ್ದು ಆ ಮನೆಯವರಿಗೇ ಗೊತ್ತಿರಲಿಲ್ಲ.

ಹಾಗಾಗಿ ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ. ಅಂಥ ದಾರಿಯನ್ನು ಸಾಧನಗಳು ತಾವಾಗಿಯೇ ತೆರೆಯಲು ಬಿಡುವ ಯುಪಿಎನ್‌ಪಿಯನ್ನು ರೂಟರಿನಲ್ಲಿ ಆಫ್ ಮಾಡಿ. ರೂಟರ್ ಒಪ್ಪಿದರೆ ವೈರ್‌ಗಾರ್ಡ್ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಬರುವ ಬೀಗ ಹಾಕಿದ ಖಾಸಗಿ ದಾರಿ) ಹಾಕಿಕೊಂಡು ಅದರ ಮೂಲಕ ಮನೆಯ ಕ್ಯಾಮೆರಾ ನೋಡಿ. ಕ್ಯಾಮೆರಾ ಕೊಳ್ಳುವಾಗ ಒಎನ್‌ವಿಐಎಫ್ ಇದೆಯಾ ನೋಡಿ. ನಾಳೆ ರೆಕಾರ್ಡರ್ ಬೇರೆ ಕಂಪನಿಯದ್ದು ತಂದರೂ ಕ್ಯಾಮೆರಾ ಎಸೆಯಬೇಕಾಗುವುದಿಲ್ಲ. ಗಡಿಯಾರಕ್ಕೆ ಎನ್‌ಟಿಪಿ ಆನ್ ಮಾಡಿದರೆ ಸಮಯ ತಾನಾಗಿ ಸರಿಯಾಗಿರುತ್ತದೆ.

ಇನ್ನೊಂದು. ನಿಮ್ಮ ಕ್ಯಾಮೆರಾಗೆ ಪಕ್ಕದ ಮನೆಯ ಕಿಟಕಿ ಕಂಡರೆ ಪ್ರೈವೆಸಿ ಮಾಸ್ಕ್ ಹಾಕಿ ಆ ಭಾಗ ಮುಚ್ಚಿ. ಹಾಕುವ ಮುಂಚೆ ಅವರಿಗೊಂದು ಮಾತು ಹೇಳಿದರೆ ಇನ್ನೂ ಒಳ್ಳೆಯದು.

ಗೇಟಿನಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಾಮ್ರದ ತಂತಿ ಸರ್, ನಿಮ್ಮ ಲೆಕ್ಕ ಓದಿದ ಮೇಲೆ ಟಾರ್ಚ್ ಹಿಡಿದು ಹೊರಗೆ ಹೋಗಿ ನೋಡಿದೆ. ಹಳೇ ಕ್ಯಾಮೆರಾ ಮೇಲೆ 2.8 ಅಂತಲೇ ಇದೆ. ಗೇಟಿಗೆ 4 ಮೆಗಾಪಿಕ್ಸೆಲ್, 6 ಎಂಎಂ ಪಿಒಇ, ಉಳಿದ ಮೂರಕ್ಕೆ ಕೋಆಕ್ಸ್ ಕ್ಯಾಮೆರಾ, ಒಂದು ಎಕ್ಸ್‌ವಿಆರ್ ಅಂತ ತೀರ್ಮಾನ ಮಾಡಿದ್ದೇನೆ. ದೀಪವನ್ನು ಈ ವಾರವೇ ಹಾಕಿಸುತ್ತೇನೆ.

ಎರಡು ಪ್ರಶ್ನೆ ಉಳಿದಿವೆ. ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು ಬೇಕು? ಮತ್ತೆ, ಅಮ್ಮನಿಗೆ ಮೊಬೈಲ್ ಆ್ಯಪ್ ತೆರೆಯುವುದೆಲ್ಲ ಕಷ್ಟ. ಸದ್ದಾದಾಗ ಹಾಸಿಗೆಯಿಂದ ಏಳದೆ ಗೇಟು ನೋಡುವ ದಾರಿ ಏನಾದರೂ ಇದೆಯಾ?

ತಾಮ್ರದ ತಂತಿ:

ಡಿಸ್ಕ್ ಲೆಕ್ಕ ಸುಲಭ. ಒಂದು ಕ್ಯಾಮೆರಾ 4 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 4 ಮೆಗಾಬಿಟ್) ಬಿಡದೆ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 43 ಜಿಬಿ. ನಾಲ್ಕಕ್ಕೆ 172. ಹಾಗಾಗಿ 4 ಟಿಬಿ ಡಿಸ್ಕಿನಲ್ಲಿ ಮೂರು ವಾರ ದಾಟುತ್ತದೆ. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಬೇಡ. ಹಗಲು ರಾತ್ರಿ ಬರೆಯುತ್ತಲೇ ಇರಲು ಮಾಡಿದ ಸರ್ವೆಲೆನ್ಸ್ ಡಿಸ್ಕ್ ತಗೊಳ್ಳಿ, ವೆಸ್ಟರ್ನ್ ಡಿಜಿಟಲ್ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್, ಯಾವುದಾದರೂ ಸರಿ. ರೆಕಾರ್ಡರನ್ನು ಟಿವಿ ಕೆಳಗೆ ಇಡಬೇಡಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗ ಅದು. ಬೀರುವಿನೊಳಗೆ, ಗಾಳಿಯಾಡುವ ಹಾಗೆ ಇಡಿ.

ಅಮ್ಮನಿಗೆ ಆ್ಯಪ್ ಬೇಡವೇ ಬೇಡ. ಎಕ್ಸ್‌ವಿಆರ್‌ಗೆ ಎಚ್‌ಡಿಎಂಐ ಔಟ್ ಇರುತ್ತದೆ. ಅಲ್ಲಿಂದ ಅವರ ಕೋಣೆಗೆ ಒಂದು ಕೇಬಲ್ ಎಳೆದು ಸಣ್ಣ ಮಾನಿಟರ್ ಕೂರಿಸಿ. ಪರದೆಯಲ್ಲಿ ಗೇಟಿನ ಚಿತ್ರ ದೊಡ್ಡದಾಗಿ, ಉಳಿದ ಮೂರು ಪಕ್ಕದಲ್ಲಿ ಚಿಕ್ಕದಾಗಿ ಬರುವ ಹಾಗೆ ಹಾಕಿಕೊಡಲು ಹೇಳಿ. ಮಾನಿಟರಿನ ಬಟನ್ ಒತ್ತಿದರೆ ಗೇಟು ಎದುರಿಗೇ ಇರುತ್ತದೆ. ರೆಕಾರ್ಡರಿಗೂ, ಗೇಟಿನ ಕ್ಯಾಮೆರಾಗೆ ಕರೆಂಟು ಕೊಡುವ ಪಿಒಇ ಸ್ವಿಚ್ಚಿಗೂ ಒಂದು ಚಿಕ್ಕ ಯುಪಿಎಸ್ ಕೊಡಿ. ಉಳಿದ ಮೂರು ಕ್ಯಾಮೆರಾದ 12 ವೋಲ್ಟ್ ಅಡಾಪ್ಟರ್‌ಗಳನ್ನೂ, ಅಮ್ಮನ ಮಾನಿಟರನ್ನೂ ಅದಕ್ಕೇ ಸೇರಿಸಿದರೆ ಕರೆಂಟು ಹೋದಾಗಲೂ ಕಾಣುತ್ತಿರುತ್ತದೆ.

ಕೆಲಸ ಮುಗಿದ ದಿನ ರಾತ್ರಿ ಹಣ ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಮನೆಯವರೊಬ್ಬರು ಗೇಟಿನಿಂದ ಬಾಗಿಲಿಗೆ ಮಾಮೂಲಿ ವೇಗದಲ್ಲಿ ನಡೆದು ಬರಲಿ. ನೀವು ಲೈವ್ ನೋಡಬೇಡಿ. ಮೊಬೈಲಿನ ಲೈವ್ ಚಿತ್ರ ಎಷ್ಟೋ ಸಲ ಕಡಿಮೆ ಗುಣಮಟ್ಟದ ಸಬ್‌ಸ್ಟ್ರೀಮ್ ಆಗಿರುತ್ತದೆ. ಎಕ್ಸ್‌ವಿಆರ್‌ನಲ್ಲಿ ಆ ರೆಕಾರ್ಡಿಂಗ್ ತೆರೆದು, ಅವರು ಹೆಜ್ಜೆ ಹಾಕುತ್ತಿರುವಾಗ ನಿಲ್ಲಿಸಿ, ಮುಖ ದೊಡ್ಡದು ಮಾಡಿ ನೋಡಿ. ಮಸುಕಾಗಿದ್ದರೆ ಹಾಕಿಕೊಟ್ಟವರ ಕೈಯಲ್ಲೇ ಅಲ್ಲೇ ಷಟರ್ ಸರಿ ಮಾಡಿಸಿ, ಇನ್ನೊಂದು ಸಲ ನಡೆಯಲು ಹೇಳಿ.

ಗೇಟಿನಮನೆ:

ಮಾನಿಟರ್ ವಿಷಯ ಅಮ್ಮನಿಗೆ ಹೇಳಿದೆ. ಮಂಚದ ಎಡಗಡೆಗೇ ಇಡು, ಬಲಗಡೆ ಬೇಡ ಅಂದರು. ಹಾಗೇ ಮಾಡಿಸುತ್ತೇನೆ ಸರ್.